ಮೊದಲ ಎರಡು ದಿನದ ಕೂಲಿ

(ಕೋಲಾರ ಜಿಲ್ಲೆಯ ಕುರುಡುಮಲೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ಈಗಷ್ಟೇ ಸ್ವಾಗತ ಕೋರಿದ ಮೇಷ್ಟ್ರು ಐದು ನಿಮಿಷದಲ್ಲಿ ಮೂರು ಸಲ ಸೀನಿದರು. ವೇದಿಕೆ ಹತ್ತುವ ಮುಂಚೆ ಅವರ ಕೈ ಹಿಡಿದಾಗಲೇ ಮೈ ಕಾದಿದೆ ಎಂದು ನನಗೆ ಗೊತ್ತಾಗಿತ್ತು. ‘ಮೇಷ್ಟ್ರೇ, ಮನೇಲಿ ಮಲಗಬಾರದಿತ್ತಾ’ ಅಂದೆ. ‘ಕರಪತ್ರದಲ್ಲಿ ಹೆಸರು ಅಚ್ಚಾಗಿದೆ ಸಾರ್, ಬರದೇ ಇದ್ದರೆ ಏನಂದ್ಕೊಂಡಾರು’ ಅಂದರು. ಮುಕ್ಕಾಲು ಗಂಟೆ ಹೇಳಬೇಕೆಂದು ನಾನು ಬರೆದುಕೊಂಡು ಬಂದದ್ದನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು. ಒಂದು ದಿನ ಬರದಿದ್ದರೆ ಸಂಬಳಕ್ಕೆ ಕತ್ತರಿ ಬೀಳದ, ಕೆಲಸ ಹೋಗದ ಮನುಷ್ಯನೇ ಜ್ವರ ಹೊತ್ತುಕೊಂಡು ಬರುತ್ತಾನೆಂದ ಮೇಲೆ, ಆ ಎರಡೂ ಭಯ ಇರುವವನು ಬರುವುದರಲ್ಲಿ ಆಶ್ಚರ್ಯವೇನಿದೆ?

ಕುರುಡುಮಲೆಯಲ್ಲಿ ಉಪನ್ಯಾಸ ಎಂದರೆ ಜನ ಶಿಲ್ಪದ ಮಾತು ಕೇಳಲು ಬರುತ್ತಾರೆ. ಹದಿಮೂರು ಅಡಿಗೂ ಎತ್ತರದ ಏಕಶಿಲೆಯ ವಿನಾಯಕನ ಊರು ಇದು. ಅವನಿಗಿಂತ ಹಳೆಯದೆನ್ನುವ ಸೋಮೇಶ್ವರನ ಗುಡಿ ಇರುವ ಊರು. ಆ ಗುಡಿಯ ಅರ್ಧ ಭಾಗವನ್ನು ಜಕಣಾಚಾರಿ ಕೆತ್ತಿದ, ಉಳಿದರ್ಧವನ್ನು ಮಗ ಡಂಕಣಾಚಾರಿ ಮುಗಿಸಿದ ಎಂಬ ಕಥೆ ನಿಮಗೆಲ್ಲ ಬಾಯಿಪಾಠ. ಎರಡು ಕಡೆಯ ಕೆತ್ತನೆಯಲ್ಲಿ ಕೈ ಬದಲಾಗಿರುವುದನ್ನು ತೋರಿಸುವವರು ಇವತ್ತೂ ಇದ್ದಾರೆ. ನಾನು ಶಿಲ್ಪ ಬಲ್ಲವನಲ್ಲ. ಇಎಸ್‌ಐ (ನೌಕರರ ರಾಜ್ಯ ವಿಮೆ) ಚಿಕಿತ್ಸಾಲಯಗಳಲ್ಲಿ ಜೀವಮಾನ ಕಳೆದ ವೈದ್ಯ. ಹಾಗಾಗಿ ಆ ಕಥೆ ಕೇಳಿದಾಗಲೆಲ್ಲ ನನಗೆ ಬರುವ ಅನುಮಾನ ಒಂದೇ: ಅಪ್ಪನಿಗೆ ಜ್ವರ ಬಂದಿರಬೇಕು, ಬದಲಿ ಆಳಾಗಿ ಮಗ ಬಂದಿರಬೇಕು! ಇತಿಹಾಸಕಾರರು ಮನ್ನಿಸಲಿ.

ಬದಲಿ ಆಳು ಎಂಬ ಮಾತನ್ನು ಒಂದು ಕಡೆ ಇಟ್ಟುಕೊಂಡಿರಿ.

ಬೆಳಗಿನ ಜಾವ ನಾಲ್ಕೂವರೆ, ಐದಕ್ಕೆಲ್ಲ ಈ ಸುತ್ತಿನ ಊರುಗಳ ಕ್ರಾಸುಗಳಲ್ಲಿ ಸ್ವೆಟರ್ ಹಾಕಿಕೊಂಡು, ಊಟದ ಡಬ್ಬಿ ಹಿಡಿದು ನಿಂತ ಹುಡುಗಿಯರನ್ನು ನೀವು ದಿನಾ ನೋಡುತ್ತೀರಿ. ಕಂಪನಿ ಬಸ್ಸು ಬರುತ್ತದೆ. ಕಿಟಕಿ ಮುಚ್ಚಿರುತ್ತದೆ, ಚಳಿ. ಇಲ್ಲಿಂದ ನರಸಾಪುರದ ಕಾರ್ಖಾನೆಗಳಿಗೆ ಐವತ್ತು ಕಿಲೋಮೀಟರಿನ ಮೇಲಾಗುತ್ತದೆ. ಮಾಲೂರು, ವೇಮಗಲ್ ಕಡೆ ಹೋಗುವವರಿಗೂ ಇದೇ ಲೆಕ್ಕ. ಒಂದೂವರೆ ಗಂಟೆ ಒಬ್ಬರ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಾ ಹೋಗುವ ಪ್ರಯಾಣ. ಇತ್ತ ಕೆ.ಜಿ.ಎಫ್.ನವರಿಗೆ ರೈಲು. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲೇ ಆ ಊರಿನ ಹೊಸ ಗಣಿಯಾಯಿತು. ಆ ಬೋಗಿಯಲ್ಲಿ ನಿಂತು ಹೋಗುವವರಿಗೆ ಕೆಮ್ಮಲು ಮುಖ ತಿರುಗಿಸುವಷ್ಟೂ ಜಾಗವಿರುವುದಿಲ್ಲ. ಕಾರ್ಖಾನೆಯ ಗೇಟು ಮುಟ್ಟುವ ಮೊದಲೇ ಸೋಂಕು ತನ್ನ ಅರ್ಧ ಪಾಳಿ ಮುಗಿಸಿರುತ್ತದೆ.

ಒಬ್ಬ ಹುಡುಗಿಯ ಕಥೆ ಹೇಳುತ್ತೇನೆ. ಹೆಸರು, ಊರು, ಕಾರ್ಖಾನೆ ಯಾವುದನ್ನೂ ಹೇಳುವುದಿಲ್ಲ. ಚಿಕಿತ್ಸಾಲಯಕ್ಕೆ ಬಂದಾಗ ಅವಳ ಕತ್ತಿಗೆ ದುಪಟ್ಟಾ ಬಿಗಿಯಾಗಿ ಸುತ್ತಿತ್ತು, ಬೇಸಗೆಯಲ್ಲಿ. ಬಿಚ್ಚಿಸಿ ನೋಡಿದರೆ ನೀರುಗುಳ್ಳೆ, ಅದೇ ಚಿಕನ್‌ಪಾಕ್ಸ್. ಬಂದು ಮೂರು ದಿನವಾಗಿತ್ತು. ಆ ಮೂರು ದಿನವೂ ಕೆಲಸಕ್ಕೆ ಹೋಗಿದ್ದಾಳೆ. ‘ಏನಮ್ಮಾ, ಮನೇಲಿ ಯಾರೂ ಹೇಳಲಿಲ್ವಾ’ ಅಂದೆ. ಜೊತೆಗೆ ಬಂದಿದ್ದ ತಾಯಿ ತೆಲುಗಿನಲ್ಲಿ ಹೇಳಿದಳು, ‘ಅಮ್ಮವಾರು ಪೋಸಿಂದಿ ಸಾಮೀ’ ಎಂದು, ಮೈಮೇಲೆ ಅಮ್ಮ ಬಂದಿದ್ದಾಳೆ ಅಂತ. ಆಮೇಲೆ ಕನ್ನಡದಲ್ಲಿ, ‘ಹೊಸಲು ದಾಟಬ್ಯಾಡ ಅಂತ ಬಡ್ಕಂಡೆ, ಕೇಳಿದ್ರೆ ತಾನೇ?’ ಹುಡುಗಿ ತಲೆ ತಗ್ಗಿಸಿಕೊಂಡೇ ಅಂದಳು: ‘ಒಂದಿನ ತಪ್ಪಿಸಿದ್ರೆ ಇಡೀ ತಿಂಗಳ ಅಟೆಂಡೆನ್ಸ್ ಬೋನಸ್ ಹೋಗ್ತದೆ ಸಾರ್. ಎರಡು ದಿನ ಆದ್ರೆ ಸೂಪರ್‌ವೈಸರ್ ಲೈನಿಂದ ತೆಗೀತಾರೆ. ನಂದಿನ್ನೂ ಪರ್ಮನೆಂಟ್ ಆಗಿಲ್ಲ.’ ಮುಂದಿನ ಎರಡು ಮೂರು ವಾರಗಳಲ್ಲಿ ಅದೇ ಲೈನಿನ ನಾಲ್ವರು ಬಂದರು. ಅವರಲ್ಲೊಬ್ಬಳು ಐದು ತಿಂಗಳ ಬಸುರಿ. ನೀರುಗುಳ್ಳೆ ಮಕ್ಕಳಿಗೆ ಬಂದರೆ ಆಟ, ದೊಡ್ಡವರಿಗೆ ಬಂದರೆ ಕಾಟ; ಬಸುರಿಗೆ ಬಂದರೆ ನ್ಯುಮೋನಿಯಾ ಆಗಿ ಜೀವಕ್ಕೇ ಬರಬಹುದು. ಆಕೆ ಉಳಿದಳು, ಮಗುವೂ ಉಳಿಯಿತು. ಆದರೆ ಆ ಮೂರು ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಈ ಕಥೆಯನ್ನು ನಾನು ಹೇಳಿದ ಕಡೆಯೆಲ್ಲ ಜನ ಹುಡುಗಿಯನ್ನು ಬೈಯುತ್ತಾರೆ. ಮೊದಲು ನಾನೂ ಬೈದೆ. ಆಮೇಲೆ ಅವಳು ಹೇಳಿದ ಲೆಕ್ಕ ಹಾಕಿ ನೋಡಿದೆ. ಒಂದು ದಿನದ ಗೈರುಹಾಜರಿಗೆ ಒಂದು ದಿನದ ಕೂಲಿ ಹೋದರೆ ಅದು ವ್ಯಾಪಾರ. ಒಂದು ದಿನಕ್ಕೆ ತಿಂಗಳ ಬೋನಸ್ಸೇ ಹೋದರೆ ಅದು ದಂಡ. ಕಳ್ಳ ರಜೆ ಹಾಕುವವನನ್ನು ಹಿಡಿಯಲು ಹೂಡಿದ ಬಲೆ ಇದು. ಅದರಲ್ಲಿ ಸಿಕ್ಕಿಬೀಳುವವರು ಮಾತ್ರ ಕಾಯಿಲೆಯವರೇ. ಕಳ್ಳ ರಜೆಯವನಿಗೆ ಬೇರೆ ದಾರಿ ಗೊತ್ತಿರುತ್ತದೆ.

ಅವಳ ತಾಯಿಯ ಮಾತಿಗೆ ಮತ್ತೆ ಬರುತ್ತೇನೆ. ಅಮ್ಮ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುವುದು, ಒಗ್ಗರಣೆ ಹಾಕದಿರುವುದು, ಹೊರಗಿನವರು ಒಳಗೆ ಬಾರದಿರುವುದು, ತಲೆಗೆ ನೀರು ಹಾಕುವ ತನಕ ಒಳಗಿನವರು ಹೊಸಲು ದಾಟದಿರುವುದು: ಇದನ್ನೆಲ್ಲ ಮೂಢನಂಬಿಕೆ ಎಂದು ಮೆಡಿಕಲ್ ಕಾಲೇಜಿನಲ್ಲಿ ನಗುತ್ತಿದ್ದೆವು. ಈಗ ನಗು ಬರುವುದಿಲ್ಲ. ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ಸೋಂಕು ಹರಡುತ್ತದೆ ಎಂದು ಪುಸ್ತಕ ಹೇಳುವುದಕ್ಕೂ ನೀರು ಹಾಕುವ ದಿನ ನಿಗದಿ ಮಾಡುವ ಅಜ್ಜಿಯ ಲೆಕ್ಕಕ್ಕೂ ಬಹಳ ವ್ಯತ್ಯಾಸವಿಲ್ಲ. ಔಷಧಿ ಕೊಡಬಾರದೆಂಬ ಹಟ ಆ ಆಚಾರದ ಕೆಟ್ಟ ಭಾಗ, ಅದನ್ನು ಒಪ್ಪಲಾರೆ. ಆದರೆ ಆಚಾರ ನಡೆಯುತ್ತಿದ್ದ ಕಾಲಕ್ಕೆ ಅದರ ಬೆನ್ನಿಗೆ ಇನ್ನೊಂದು ಏರ್ಪಾಡು ಇತ್ತು. ನಾಟಿಗೆ, ಕಳೆಗೆ, ಕುಯಿಲಿಗೆ ಮುಯ್ಯಾಳು ಇದ್ದರು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಮನೆಯಲ್ಲಿ ಅಮ್ಮ ಬಂದು ಕೂತರೆ ಪಕ್ಕದವರು ಮಜ್ಜಿಗೆ ತಂದು ಬಾಗಿಲಲ್ಲಿಟ್ಟು ಹೋಗುತ್ತಿದ್ದರು, ಹೊಲದ ಕಳೆಯೂ ಹೇಗೋ ಕೀಳಿಸಿಕೊಳ್ಳುತ್ತಿತ್ತು. ಬೇವಿನ ಸೊಪ್ಪು ಒಂದೇ ಇದ್ದಿದ್ದರೆ ಆ ಜನವೂ ಹೊಸಲು ದಾಟುತ್ತಿದ್ದರು. ಕಾರ್ಖಾನೆಯಲ್ಲಿ ಮುಯ್ಯಿ ಇಲ್ಲ. ಅದರ ಜಾಗದಲ್ಲಿ ಏನಿದೆ ಎಂದು ನೋಡೋಣ.

ಇಎಸ್‌ಐ ಇದೆ. ಸ್ವತಂತ್ರ ಭಾರತ ಮಾಡಿದ ಒಳ್ಳೆಯ ಕೆಲಸಗಳ ಪಟ್ಟಿಯಲ್ಲಿ ನಾನು ಅದನ್ನು ಮೇಲೆಯೇ ಇಡುತ್ತೇನೆ. ಅದರ ಅನ್ನ ತಿಂದವನು ಎಂಬ ಕಾರಣಕ್ಕಲ್ಲ. 1948ರ ಕಾಯ್ದೆ, 1952ರಲ್ಲಿ ಕಾನ್ಪುರದಲ್ಲಿ ನೆಹರೂ ಉದ್ಘಾಟನೆ ಮಾಡಿದರು. ಹತ್ತು ಮಂದಿಗಿಂತ ಕಡಿಮೆಯಿಲ್ಲದ ಕಡೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳದವರಿಗೆ ಅನ್ವಯ. 2019ರ ಜುಲೈನಿಂದ ಮಾಲೀಕ ಕೂಲಿಯ ಮೇಲೆ ಶೇ. 3.25, ಕೆಲಸಗಾರ ಶೇ. 0.75 ಕಟ್ಟುತ್ತಾರೆ. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ. 70 ಸಿಗುತ್ತದೆ. ಕ್ಷಯದಂಥ ದೀರ್ಘ ಕಾಯಿಲೆಗೆ, ಎರಡು ವರ್ಷ ಸೇವೆ ಆಗಿದ್ದರೆ, ಶೇ. 80ರಂತೆ ಎರಡು ವರ್ಷದವರೆಗೂ ಸಿಗುತ್ತದೆ. ಸೌಲಭ್ಯ ಪಡೆಯುತ್ತಾ ಮಲಗಿರುವವನನ್ನು ಕೆಲಸದಿಂದ ತೆಗೆಯುವಂತಿಲ್ಲ ಎಂದು, 2025ರವರೆಗೆ ಜಾರಿಯಲ್ಲಿದ್ದ ಆ 1948ರ ಕಾಯ್ದೆಯ 73ನೇ ಸೆಕ್ಷನ್ ಹೇಳಿತ್ತು. ಇಷ್ಟು ಉದಾರವಾದ ಕಾನೂನು ಅದು.

ಅದೇ ಕಾಯ್ದೆಯ 49ನೇ ಸೆಕ್ಷನ್ನಿನಲ್ಲಿ ಒಂದು ಸಣ್ಣ ಮಾತಿತ್ತು. ಕಾಯಿಲೆಯ ಮೊದಲ ಎರಡು ದಿನಕ್ಕೆ ಹಣ ಇಲ್ಲ. ಹದಿನೈದು ದಿನದೊಳಗೆ ಎರಡನೇ ಸಲ ಬಿದ್ದರೆ ಮಾತ್ರ ಆ ಎರಡು ದಿನದ ಕಾಯುವಿಕೆ ಇಲ್ಲ.

ಫ್ಲೂ ಬಂದ ಮನುಷ್ಯ ಯಾವಾಗ ಹೆಚ್ಚು ಸೋಂಕು ಹಚ್ಚುತ್ತಾನೆ? ಲಕ್ಷಣ ಕಾಣುವ ಹಿಂದಿನ ದಿನದಿಂದ ಶುರುವಾಗಿ ಮೊದಲ ಮೂರು ದಿನ. ಐದಾರನೇ ದಿನಕ್ಕೆ ಅವನ ಕೆಮ್ಮು ಜೋರಿರುತ್ತದೆ, ಸೋಂಕು ಇಳಿದಿರುತ್ತದೆ. ಕೆಂಗಣ್ಣು, ನಮ್ಮ ಕಡೆ ಮದ್ರಾಸ್ ಐ ಅನ್ನುತ್ತಾರಲ್ಲ, 2023ರ ಮಳೆಗಾಲದಲ್ಲಿ ರಾಜ್ಯದ ತುಂಬಾ ಓಡಾಡಿತಲ್ಲ, ಅದೂ ಅಷ್ಟೇ: ಕಣ್ಣು ಕೆಂಪಗೆ ನೀರು ಸುರಿಸುವ ಮೊದಲ ದಿನಗಳೇ ಅಪಾಯ. ಅಂದರೆ ಒಬ್ಬ ಮನುಷ್ಯ ಮನೆಯಲ್ಲಿರುವುದು ಪಕ್ಕದವರಿಗೆ ಯಾವ ಎರಡು ದಿನ ಅತಿ ಮುಖ್ಯವೋ, ಸರಿಯಾಗಿ ಆ ಎರಡು ದಿನದ ಕೂಲಿಯನ್ನು ಯಾರೂ ಕೊಡುವುದಿಲ್ಲ. ಮೂರನೇ ದಿನದಿಂದ ವಿಮೆ ಕೈ ಹಿಡಿಯುತ್ತದೆ. ಅಷ್ಟರಲ್ಲಿ ಆಗಬೇಕಾದದ್ದು ಆಗಿರುತ್ತದೆ. ನನ್ನ ವೃತ್ತಿಯ ಮೊದಲ ಹತ್ತು ವರ್ಷ ಆ ಸೆಕ್ಷನ್ನನ್ನು ನಾನು ಗುಮಾಸ್ತೆಯ ವಿಷಯ ಎಂದೇ ತಿಳಿದಿದ್ದೆ. ಅದು ಸಾಂಕ್ರಾಮಿಕ ರೋಗದ ವಿಷಯ ಎಂದು ಹೊಳೆಯಲು ಆ ಹುಡುಗಿಯ ದುಪಟ್ಟಾ ಬೇಕಾಯಿತು.

ಕಾಯ್ದೆ ಬರೆದವರು ದುಷ್ಟರಲ್ಲ. ಒಂದು ದಿನ, ಎರಡು ದಿನದ ಸುಳ್ಳು ಕಾಯಿಲೆಗೆ ವಿಮೆಯ ದುಡ್ಡು ಸೋರಿಹೋಗಬಾರದೆಂದು ಪ್ರಪಂಚದ ಬಹಳ ದೇಶಗಳು ಹೀಗೇ ಬರೆದುಕೊಂಡಿದ್ದವು. ಆದರೆ ಮೊದಲ ದಿನಗಳು ಯಾರ ತಲೆಯ ಮೇಲೆ ಎಂಬ ಪ್ರಶ್ನೆಗೆ ಜರ್ಮನಿಯ ಕಾರ್ಮಿಕರು ಬೇರೆಯೇ ಉತ್ತರ ಹುಡುಕಿದರು. ಅಲ್ಲಿ ಬಿಸ್ಮಾರ್ಕ್ ಕಾಲದಿಂದ, 1883ರಿಂದಲೂ ಆರೋಗ್ಯ ವಿಮೆ ಇತ್ತು. ಆದರೂ 1956ರ ಅಕ್ಟೋಬರಿನಲ್ಲಿ ಉತ್ತರದ ಷ್ಲೆಸ್ವಿಗ್-ಹೋಲ್‌ಸ್ಟೈನ್‌ನಲ್ಲಿ ಲೋಹ ಕಾರ್ಮಿಕರು ಮುಷ್ಕರಕ್ಕೆ ಕೂತರು. ಕಾಯಿಲೆ ಬಿದ್ದರೆ ಆಫೀಸಿನವರಿಗೆ ಸಂಬಳ ನಡೆಯುತ್ತದೆ, ನಮಗೇಕಿಲ್ಲ ಎಂಬುದು ಅವರ ಕೇಳಿಕೆ. ಹಡಗುಕಟ್ಟೆಗಳು ಚಳಿಗಾಲವೆಲ್ಲ ನಿಂತವು, ಹದಿನಾರು ವಾರ. ಮುಂದೆ ಆ ದೇಶದ ಕಾನೂನೇ ಬದಲಾಯಿತು. ಇವತ್ತು ಅಲ್ಲಿ ಕಾಯಿಲೆಯ ಮೊದಲ ಆರು ವಾರ ಪೂರ್ತಿ ಸಂಬಳ ಕೊಡುವವನು ಮಾಲೀಕ. ವಿಮೆ ಬರುವುದು ಆಮೇಲೆ. ನಮ್ಮಲ್ಲಿ ವಿಮೆ ಮೂರನೇ ದಿನ ಬರುತ್ತದೆ, ಅದಕ್ಕೆ ಮುಂಚೆ ಯಾರೂ ಬರುವುದಿಲ್ಲ.

ಕಾಯಿಲೆಯ ದಿನಕ್ಕೂ ಸಂಬಳ ಕೊಡುವುದರಿಂದ ರೋಗ ನಿಜವಾಗಿ ಕಡಿಮೆಯಾಗುತ್ತದೆಯೇ ಎಂದು ಅಳತೆ ಮಾಡಿದವರೂ ಇದ್ದಾರೆ. ಅಮೆರಿಕದಲ್ಲಿ ರಾಷ್ಟ್ರಮಟ್ಟದ ಸಂಬಳಸಹಿತ ಕಾಯಿಲೆ ರಜೆ ಇರಲಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಹೆಸರಿನಲ್ಲಿ ಎರಡು ವಾರದ ತುರ್ತು ರಜೆ ಕೊಟ್ಟರು. ಹೊಸದಾಗಿ ಈ ರಜೆ ಸಿಕ್ಕ ರಾಜ್ಯಗಳಲ್ಲಿ ದಿನಕ್ಕೆ, ರಾಜ್ಯವೊಂದಕ್ಕೆ, ಸುಮಾರು 400 ಪ್ರಕರಣ ಕಡಿಮೆಯಾದವು ಎಂದು ಆ ವರ್ಷವೇ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರು.

ನಮ್ಮಲ್ಲಿ ಆ ವರ್ಷ ಏನಾಯಿತು? ಮಾರ್ಚ್ 26ಕ್ಕೆ ನಂಜನಗೂಡಿನ ಜುಬಿಲಂಟ್ ಔಷಧ ಕಾರ್ಖಾನೆಯ ನೌಕರರೊಬ್ಬರಿಗೆ ಸೋಂಕು ಖಚಿತವಾಯಿತು. ರಾಜ್ಯದ 52ನೇ ರೋಗಿ. ವಿದೇಶಕ್ಕೆ ಹೋಗಿಬಂದವರಲ್ಲ. ಕಾರ್ಖಾನೆ ಮುಚ್ಚಿತು, ನೌಕರರೆಲ್ಲ ಕ್ವಾರಂಟೈನಿಗೆ ಹೋದರು. ಕೆಲವೇ ವಾರಗಳಲ್ಲಿ ಆ ಒಂದು ಕಾರ್ಖಾನೆಯ ನಂಟಿನ ಪ್ರಕರಣಗಳು 70 ದಾಟಿದವು. ಚೀನಾದಿಂದ ಬಂದ ಕಚ್ಚಾ ಮಾಲಿನಲ್ಲಿ ಸೋಂಕು ಇತ್ತೇ ಎಂದು ಪುಣೆಯ ಪ್ರಯೋಗಾಲಯಕ್ಕೆ ಕಳಿಸಿದರು, ಇಲ್ಲವೆಂದು ವರದಿ ಬಂತು. ಸರ್ಕಾರ ಐಎಎಸ್ ಅಧಿಕಾರಿ ಹರ್ಷ ಗುಪ್ತ ಅವರನ್ನು ತನಿಖೆಗೆ ನೇಮಿಸಿತು. ಟಿವಿಗಳಲ್ಲಿ ದಿನಾ ಒಂದೇ ಪ್ರಶ್ನೆ: ಪಿ-52ಕ್ಕೆ ಎಲ್ಲಿಂದ ಬಂತು? ‘ತಂದವನು ಯಾರು’ ಎಂದು ನಾಡೆಲ್ಲ ಕೇಳಿತು. ಒಬ್ಬರಿಂದ ಎಪ್ಪತ್ತು ಮಂದಿಗೆ ಹೋಗುವಂತೆ ನಮ್ಮ ಬಸ್ಸು, ಕ್ಯಾಂಟೀನು, ಪಾಳಿ ಬದಲಾಗುವ ಹೊತ್ತಿನ ನೂಕುನುಗ್ಗಲು ಹೇಗೆ ಕಟ್ಟಿಕೊಂಡಿವೆ ಎಂದು ಕೇಳಿದವರು ಕಡಿಮೆ. ಆ ಕಾರ್ಖಾನೆಯೊಂದರ ಮಾತಲ್ಲ ಇದು. ಆಗ ಕೋಲಾರ ಜಿಲ್ಲೆಯಲ್ಲಿ ಒಂದು ಪ್ರಕರಣವೂ ಇರಲಿಲ್ಲ, ಮೇ ತಿಂಗಳವರೆಗೂ ಹಸಿರು ಜಿಲ್ಲೆ ಎಂದು ನಾವು ಬೀಗುತ್ತಿದ್ದೆವು. ನಮ್ಮ ಬಸ್ಸುಗಳು ಬೇರೆ ಥರ ಇದ್ದವೆಂದಲ್ಲ, ನಿಂತಿದ್ದವು ಅಷ್ಟೆ.

ಬಸ್ಸು ಮತ್ತೆ ಹೊರಟಾಗ ಎಲ್ಲ ಗೇಟಿನಲ್ಲೂ ಹಣೆಗೆ ಹಿಡಿಯುವ ಪಿಸ್ತೂಲಿನಂಥ ಥರ್ಮಾಮೀಟರ್ ಬಂತು. ಜ್ವರ ಇದ್ದರೆ ವಾಪಸ್. ಮಾಲೀಕರು ತಮ್ಮ ಜವಾಬ್ದಾರಿ ಮುಗಿಯಿತು ಎಂದುಕೊಂಡರು. ನಾನು ಒಂದು ಕಡೆ ಕೇಳಿದೆ, ‘ವಾಪಸ್ ಕಳಿಸಿದವರಿಗೆ ಆ ದಿನದ ಕೂಲಿ?’ ‘ಅದು ಹೇಗೆ ಡಾಕ್ಟ್ರೇ, ಕೆಲಸ ಮಾಡಿಲ್ಲವಲ್ಲ’ ಅಂದರು. ಎರಡು ವಾರದಲ್ಲಿ ಹುಡುಗರು ವಿದ್ಯೆ ಕಲಿತುಬಿಟ್ಟರು. ಬಸ್ಸು ಹತ್ತುವ ಮುಂಚೆ ಒಂದು ಡೋಲೋ ಮಾತ್ರೆ ನುಂಗಿದರೆ ಗೇಟಿಗೆ ಬರುವ ಹೊತ್ತಿಗೆ ಹಣೆ ತಣ್ಣಗೆ. ಪಿಸ್ತೂಲಿಗೆ ಜ್ವರ ಕಾಣುವುದಿಲ್ಲ, ಪಕ್ಕದವನಿಗೆ ಸೋಂಕು ತಪ್ಪುವುದಿಲ್ಲ. ಕೂಲಿ ಕೊಡದೆ ಮಾಡುವ ತಪಾಸಣೆ ಕಾಯಿಲೆಯನ್ನು ಹಿಡಿಯುವುದಿಲ್ಲ, ಬಚ್ಚಿಡುವುದನ್ನು ಕಲಿಸುತ್ತದೆ. ನಾನು ಈ ಸಂಜೆ ಹೇಳಲು ಬಂದದ್ದು ಮುಖ್ಯವಾಗಿ ಇದೊಂದನ್ನೇ.

ಕಾನೂನು ರೋಗಿಯನ್ನು ಮರೆತಿಲ್ಲ. ಪ್ರಾಣಾಪಾಯದ ರೋಗ ಹರಡುವಂಥ ಅಜಾಗರೂಕ ಕೆಲಸಕ್ಕೆ ಹಿಂದೆ ದಂಡ ಸಂಹಿತೆಯ 269, ಈಗ ಭಾರತೀಯ ನ್ಯಾಯ ಸಂಹಿತೆಯ 271. ಆರು ತಿಂಗಳವರೆಗೆ ಸಜೆ. ಜ್ವರ ಮುಚ್ಚಿಟ್ಟ ಹುಡುಗಿಗೆ ಒಂದು ಸೆಕ್ಷನ್ ಇದೆ. ಅವಳು ಮುಚ್ಚಿಡುವಂತೆ ಮಾಡಿದ ಹಾಜರಿ ಬೋನಸ್ಸಿಗೆ ಯಾವ ಸೆಕ್ಷನ್ನೂ ಇಲ್ಲ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಹಿಂದೆ 240 ದಿನ ದುಡಿದವರಿಗಿದ್ದ ವಾರ್ಷಿಕ ರಜೆ ಇನ್ನು 180 ದಿನ ದುಡಿದವರಿಗೇ. ಒಳ್ಳೆಯದು. ಆದರೆ ವಾರ್ಷಿಕ ರಜೆ ಎಂದರೆ ಮದುವೆ, ಜಾತ್ರೆ, ಹೆರಿಗೆಗೆ ಕೂಡಿಟ್ಟುಕೊಳ್ಳುವ ರಜೆ. ಮಾರ್ಚ್‌ನಲ್ಲಿ ಬಂದ ಜ್ವರಕ್ಕೆ ಅದನ್ನು ಯಾರು ಖರ್ಚು ಮಾಡುತ್ತಾರೆ? ವಿಚಿತ್ರವೆಂದರೆ ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಕಾಯಿಲೆಗೆ, ಅಪಘಾತಕ್ಕೆ, ಇತರ ನ್ಯಾಯವಾದ ಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ ಕೂಲಿಸಹಿತ ರಜೆ ಬರೆದಿದೆ. ಮುಳಬಾಗಿಲಿನ ಬಟ್ಟೆ ಅಂಗಡಿಯ ಹುಡುಗನಿಗೆ ಪುಸ್ತಕದಲ್ಲಾದರೂ ಅದು ಇದೆ. ಪುಸ್ತಕದಲ್ಲಿ.

ಹಾಜರಿ ಪುಸ್ತಕದ ಮಹಿಮೆ ನರಸಾಪುರಕ್ಕೆ ಗೊತ್ತು. 2020ರ ಡಿಸೆಂಬರ್ 12ರ ಬೆಳಗ್ಗೆ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕೆಲಸಗಾರರು ಗಾಜು ಒಡೆದದ್ದನ್ನು ದೇಶವೆಲ್ಲ ನೋಡಿತು. ಸಂಬಳ ಮತ್ತು ಪಾಳಿಯ ಲೆಕ್ಕದ ದೂರು ಅದರ ಹಿಂದೆ ಇತ್ತು. ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಹೋಗಿಲ್ಲವೆಂದು ಕಂಪನಿಯೇ ಆಮೇಲೆ ಒಪ್ಪಿಕೊಂಡಿತು. ಒಡೆದದ್ದನ್ನು ನಾನು ಸಮರ್ಥಿಸುವುದಿಲ್ಲ. ಮಾಡಿದ ಕೆಲಸದ ದಿನವೇ ಲೆಕ್ಕಕ್ಕೆ ಸಿಗುತ್ತದೋ ಇಲ್ಲವೋ ಎಂಬ ಅನುಮಾನವಿರುವ ಕಡೆ, ಮಾಡದ ದಿನಕ್ಕೆ ಯಾರು ಧೈರ್ಯ ಮಾಡುತ್ತಾರೆ ಎಂದಷ್ಟೇ ಕೇಳುತ್ತೇನೆ.

ಅಡುಗೆಯವರ ವಿಷಯಕ್ಕೆ ಬರುತ್ತೇನೆ, ಇಲ್ಲಿ ಸೋಂಕು ಉಸಿರಿನಿಂದಲ್ಲ, ಕೈಯಿಂದ. ನ್ಯೂಯಾರ್ಕಿನಲ್ಲಿ ಮೇರಿ ಮ್ಯಾಲನ್ ಎಂಬ ಐರಿಷ್ ಅಡುಗೆಯವಳಿದ್ದಳು. ಅವಳು ಅಡುಗೆ ಮಾಡಿದ ಬಹುಪಾಲು ಮನೆಗಳಲ್ಲಿ ವಿಷಮಶೀತ ಜ್ವರ ಬಂದದ್ದನ್ನು ಜಾರ್ಜ್ ಸೋಪರ್ ಎಂಬಾತ 1907ರಲ್ಲಿ ಪತ್ತೆ ಮಾಡಿದ. ಅವಳಿಗೆ ಜ್ವರವಿಲ್ಲ, ಮೈಯೊಳಗೆ ಕ್ರಿಮಿ ಇದೆ. ಒಂದು ದ್ವೀಪದಲ್ಲಿ ಕೂಡಿಟ್ಟರು. 1910ರಲ್ಲಿ, ಇನ್ನು ಅಡುಗೆ ಮಾಡುವುದಿಲ್ಲ ಎಂದು ಮಾತು ತೆಗೆದುಕೊಂಡು ಬಿಟ್ಟರು. ಬಟ್ಟೆ ಒಗೆಯುವ ಕೆಲಸಕ್ಕೆ ಹೋದಳು. ಅಡುಗೆಯಷ್ಟು ಸಂಬಳ ಅದರಲ್ಲಿಲ್ಲ. ಹೆಸರು ಬದಲಾಯಿಸಿಕೊಂಡು ಅಡುಗೆಮನೆಗೆ ಮರಳಿದಳು. 1915ರಲ್ಲಿ ಒಂದು ಹೆರಿಗೆ ಆಸ್ಪತ್ರೆಯಲ್ಲಿ 25 ಮಂದಿಗೆ ಜ್ವರ ಬಂತು, ಇಬ್ಬರು ಸತ್ತರು. ಮತ್ತೆ ದ್ವೀಪ. 1938ರಲ್ಲಿ ಅಲ್ಲೇ ಸತ್ತಳು. ಪ್ರಪಂಚ ಅವಳನ್ನು ‘ಟೈಫಾಯ್ಡ್ ಮೇರಿ’ ಎಂದು ಬೈಗುಳದಂತೆ ನೆನೆಯುತ್ತದೆ. ಅಡುಗೆಯವಳಿಗೆ ಸಿಗುತ್ತಿದ್ದ ಸಂಬಳದ ಬೇರೊಂದು ಕೆಲಸವನ್ನು ನಗರ ಅವಳಿಗೆ ಕೊಟ್ಟಿದ್ದರೆ, ಇಷ್ಟು ವರ್ಷದ ದ್ವೀಪದ ಖರ್ಚಿಗಿಂತ ಅಗ್ಗವಾಗುತ್ತಿತ್ತು ಎಂದು ನನಗನಿಸುತ್ತದೆ.

ನಮ್ಮಲ್ಲಿ ಆಹಾರ ಸುರಕ್ಷತೆಯ 2011ರ ನಿಯಮಗಳ ನಾಲ್ಕನೇ ಅನುಸೂಚಿ ಇದೆ. ಅಡುಗೆ ಮುಟ್ಟುವವರಿಗೆ ವರ್ಷಕ್ಕೊಮ್ಮೆ ವೈದ್ಯರ ತಪಾಸಣೆ, ವಿಷಮಶೀತ ಜ್ವರದ ಲಸಿಕೆ. ಸೋಂಕಿದ್ದವರನ್ನು ಅಡುಗೆಗೆ ಬಿಡಬಾರದು. ಬಿಡಬಾರದು ಸರಿ, ಮನೆಗೆ ಕಳಿಸಿದ ದಿನದ ಕೂಲಿಯ ಮಾತು ಅಲ್ಲೂ ಇಲ್ಲ. ಒಂದು ಹಳ್ಳಿಯ ಶಾಲೆಯಲ್ಲಿ ಬಿಸಿಯೂಟದ ಅಡುಗೆಯಮ್ಮ ನನಗೆ ಹೇಳಿದ್ದು: ‘ವಾಂತಿ ಭೇದಿ ಆದ್ರೂ ಬರಲೇಬೇಕು ಸಾರ್. ಬರದೇ ಇದ್ರೆ ಬೇರೆಯೋರನ್ನ ನಾನೇ ಹುಡುಕಿ ನಾನೇ ದುಡ್ಡು ಕೊಟ್ಟು ಕಳಿಸ್ಬೇಕು.’ ಆಕೆಯ ಕೈ ತೊಳೆದು ತೊಳೆದು ಬಿಳಿಚಿಕೊಂಡಿತ್ತು. ಅಲ್ಲಿ ಕೂತು ಉಣ್ಣುವವರು ನಮ್ಮ ಮಕ್ಕಳು. ಮಾಲೀಕನೆಂದರೆ ಬರೀ ಕಂಪನಿ ಎಂದುಕೊಳ್ಳುವವರು ಈ ಹೆಂಗಸಿನ ಮಾಲೀಕ ಯಾರು ಎಂದು ಒಮ್ಮೆ ಯೋಚಿಸಬೇಕು.

ಮನೆಗೆ ಕಳಿಸುವುದೇ ಜವಾಬ್ದಾರಿ ಎಂದು ಹೊರಟರೂ ದಾರಿ ತಪ್ಪುತ್ತದೆ. ಎಚ್‌ಐವಿ ಇರುವವರು ಪಕ್ಕದಲ್ಲಿ ಕೂತು ಕೆಲಸ ಮಾಡಿದರೆ ಯಾರಿಗೂ ಏನೂ ಆಗುವುದಿಲ್ಲ. ಸೋಂಕಿದೆಯೆಂದು ಕೆಲಸ ಕಸಿದುಕೊಂಡ ಸಂಸ್ಥೆಗೆ ಬಾಂಬೆ ಹೈಕೋರ್ಟ್ 1997ರಲ್ಲೇ ತಪ್ಪೆಂದಿತು, 2017ರ ಎಚ್‌ಐವಿ ಕಾಯ್ದೆ ಅದನ್ನು ನಿಷೇಧಿಸಿತು. ಕ್ಷಯದ ಕಥೆ ನಡುವಿನದು. ಗಣಿಯ ಜಿಲ್ಲೆಯವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ದೇಶದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದೇ ಕೋಲಾರದ ಚಿನ್ನದ ಗಣಿಯಿಂದ, 1947ರಲ್ಲಿ. ಕಲ್ಲಿನ ದೂಳು ಕೂತ ಶ್ವಾಸಕೋಶ ಯಾರಿಗೂ ಅಂಟುವುದಿಲ್ಲ. ಆದರೆ ಆ ಶ್ವಾಸಕೋಶಕ್ಕೆ ಕ್ಷಯ ಬಲು ಬೇಗ ಹತ್ತುತ್ತದೆ, ಅದು ಅಂಟುತ್ತದೆ. ದೂಳು ಕೊಟ್ಟದ್ದು ಕೆಲಸ. ಹಾಗೆ ಹತ್ತಿದ ಕ್ಷಯವನ್ನು ಪಂಜರದಲ್ಲಿ ಪಕ್ಕದವನಿಗೆ ಕೊಟ್ಟವನನ್ನು ಮಾತ್ರ ಹೇಗೆ ದೂರುವುದು? ಗಣಿಯ ಲಿಫ್ಟಿಗೆ ಪಂಜರ ಎಂದೇ ಹೆಸರು, ಮೈಗೆ ಮೈ ಒತ್ತಿ ನಿಂತು ಇಳಿಯುತ್ತಿದ್ದರು. ಸಾಮಾನ್ಯ ಕ್ಷಯಕ್ಕೆ ಸರಿಯಾಗಿ ಮಾತ್ರೆ ಶುರುಮಾಡಿದರೆ ಸುಮಾರು ಎರಡು ವಾರದಲ್ಲಿ ಹರಡುವುದು ಬಹುಪಾಲು ನಿಲ್ಲುತ್ತದೆ. ಆಮೇಲೆ ಶಕ್ತಿ ಇದ್ದರೆ ಕೆಲಸಕ್ಕೆ ಬರಬಹುದು. ಆದರೂ ಕ್ಷಯವೆಂದು ಗೊತ್ತಾದ ಸೆಕ್ಯುರಿಟಿ ಗಾರ್ಡನ್ನು ಏಜೆನ್ಸಿಯವರು ತಿರುಗಿ ಕರೆಸಿಕೊಂಡದ್ದನ್ನು ನಾನು ಕಂಡದ್ದು ಅಪರೂಪ. ಮಾತ್ರೆಯ ಪೊಟ್ಟಣವನ್ನು ಬೀಡಿ ಕಟ್ಟಿನಲ್ಲಿ ಬಚ್ಚಿಟ್ಟುಕೊಂಡು ಬರುತ್ತಿದ್ದವರನ್ನು ಕಂಡಿದ್ದೇನೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನದೂ ಒಂದು ತಪ್ಪು ಇದೆ. ಒಂದು ಮಳೆಗಾಲದಲ್ಲಿ ನನಗೇ ಜೋರು ಫ್ಲೂ. ಚಿಕಿತ್ಸಾಲಯದಲ್ಲಿ ಇದ್ದ ಇನ್ನೊಬ್ಬ ವೈದ್ಯರು ರಜೆಯಲ್ಲಿದ್ದರು. ಮುಂಜಾನೆಯಿಂದ ಸಾಲು ನಿಂತ ಜನ. ಮೂಗು ಒರೆಸಿಕೊಳ್ಳುತ್ತಾ ಎಂಬತ್ತು ಮಂದಿಯನ್ನು ನೋಡಿದೆ, ‘ಮೂರು ದಿನ ವಿಶ್ರಾಂತಿ’ ಎಂದು ಅವರಿಗೆಲ್ಲ ಸರ್ಟಿಫಿಕೇಟ್ ಬರೆದುಕೊಟ್ಟೆ. ಎಷ್ಟು ಮಂದಿಗೆ ಹಚ್ಚಿದೆನೋ. ಸರ್ಟಿಫಿಕೇಟಿಗಾಗಿ ಕಾಯಿಲೆಯವನು ಎರಡು ಬಸ್ಸು ಬದಲಿಸಿ ಬಂದು, ನೂರು ಜನರ ನಡುವೆ ಎರಡು ಗಂಟೆ ಕೂತು, ಕಾಯಿಲೆಯಿದೆ ಎಂದು ಬರೆಸಿಕೊಂಡು ಹೋಗಬೇಕೆಂಬ ಪದ್ಧತಿಯನ್ನು ಯಾರು ಕಂಡುಹಿಡಿದರೋ, ಅವರಿಗೆ ಎಂದೂ ಫ್ಲೂ ಬಂದಿರಲಿಕ್ಕಿಲ್ಲ. ಮೊದಲ ಎರಡು ಮೂರು ದಿನಕ್ಕೆ ಸರ್ಟಿಫಿಕೇಟ್ ಕೇಳಬೇಡಿ, ಫೋನಿನಲ್ಲಿ ಹೇಳಿದರೆ ನಂಬಿ ಎಂದು ಮಾಲೀಕರ ಸಭೆಗಳಲ್ಲಿ ಹೇಳುತ್ತಾ ಬಂದಿದ್ದೇನೆ. ‘ನಂಬಿದರೆ ಸೋಮವಾರ ಯಾರೂ ಬರೋದಿಲ್ಲ ಡಾಕ್ಟ್ರೇ’ ಎಂದು ನಗುತ್ತಾರೆ. ಆಗಲಿ, ಹತ್ತರಲ್ಲಿ ಇಬ್ಬರು ಸುಳ್ಳು ಹೇಳಲಿ. ಇಬ್ಬರ ಎರಡು ದಿನದ ಕೂಲಿಗೂ ಒಂದು ಇಡೀ ಲೈನ್ ಒಂದು ವಾರ ಕೆಮ್ಮುತ್ತಾ ತಪ್ಪು ಕೆಲಸ ಮಾಡುವುದಕ್ಕೂ ಲೆಕ್ಕ ಹಾಕಿದ ಒಬ್ಬ ಮ್ಯಾನೇಜರನ್ನು ನಾನಿನ್ನೂ ಕಂಡಿಲ್ಲ.

*

ಉಪನ್ಯಾಸ ಮುಗಿದ ಮೇಲೆ ಸಭೆಯಿಂದ ಮುಳಬಾಗಿಲಿನ ಹೋಟೆಲ್ ಮಾಲೀಕರೊಬ್ಬರು ಎದ್ದು ಕೇಳಿದ ಪ್ರಶ್ನೆಯನ್ನೂ ಸೇರಿಸಬೇಕೆಂದು ಸಂಘಟಕರು ಹೇಳಿದ್ದರಿಂದ ಇಲ್ಲಿ ಬರೆದಿದ್ದೇನೆ.

‘ಸಾರ್, ನಂದು ಸಣ್ಣ ದೋಸೆ ಹೋಟೆಲು. ನಾಲ್ಕು ಜನ ಹುಡುಗರು. ಇಎಸ್‌ಐ ನನಗೆ ಬರೋದಿಲ್ಲ. ನೀವು ಹೇಳಿದ್ದೆಲ್ಲ ಕಂಪನಿಯೋರಿಗೆ ಸರಿ.’

1961ರ ಕಾಯ್ದೆ ಹೋಟೆಲಿಗೂ ಅನ್ವಯಿಸುತ್ತದೆ ಎಂದೆ. ಹಾಗೇ ಸಭೆಯ ಮುಂದೆ ಲೆಕ್ಕ ಹಾಕಿದೆವು. ನಾಲ್ಕು ಜನ, ತಲಾ 12 ದಿನ, 48 ದಿನ. ದಿನಕ್ಕೆ 500 ರೂಪಾಯಿ ಅಂದರೂ ವರ್ಷಕ್ಕೆ 24,000. ತಿಂಗಳಿಗೆ ಎರಡು ಸಾವಿರ. ಎಲ್ಲರೂ ಹನ್ನೆರಡೂ ದಿನ ಕಾಯಿಲೆ ಬಿದ್ದರೆ ಮಾತ್ರ.

ಅವರು ಸ್ವಲ್ಪ ಹೊತ್ತು ಯೋಚಿಸಿದರು. ‘ಹತ್ತಿರ ಹತ್ತಿರ ಒಂದು ದೊಡ್ಡ ಸಿಲಿಂಡರ್ ದುಡ್ಡು. ಅದು ಹೋಗಲಿ, ಕೊಡಬಹುದು. ದುಡ್ಡಲ್ಲ ಸಾರ್ ನನ್ನ ಕಷ್ಟ. ಮುಳಬಾಗಿಲು ದೋಸೆ ಅಂತ ಬೆಂಗಳೂರಿಂದ ಬರ್ತಾರೆ ಜನ. ಆ ದಪ್ಪ, ಆ ತುಪ್ಪದ ಹದ ಬರೋದು ಒಬ್ಬನ ಕೈಯಲ್ಲಿ. ಅವನು ಮಲಗಿದ ದಿನ ತವಾ ಮುಂದೆ ಯಾರು ನಿಲ್ಲೋದು?’

ನಾನು ಬದಲಿ ಆಳಿನ ಮಾತೆತ್ತಿದೆ. ಎರಡನೆಯವನಿಗೂ ಕೆಲಸ ಕಲಿಸಿಡಿ ಎಂದೆ.

‘ಕಲಿಸಿದೆ ಸಾರ್. ಕಲಿತ ಮೇಲೆ ಬೆಂಗಳೂರಿಗೆ ಹೋದ. ಜಕಣಾಚಾರಿಗೆ ಡಂಕಣಾಚಾರಿ ಇದ್ದ, ನನ್ನ ಮಗ ನರಸಾಪುರದ ಬಸ್ಸು ಹತ್ತುತಾನೆ’ ಎಂದು ಅವರು ಕೂತರು. ಸಭೆ ನಕ್ಕಿತು. ನನಗೆ ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ಮೇಷ್ಟ್ರು ವಂದನಾರ್ಪಣೆಗೆ ಎದ್ದು ನಿಂತಿದ್ದರು, ಕರ್ಚೀಫು ಕೈಯಲ್ಲಿತ್ತು.